ಬೆನ್ನಿಗೊಪ್ಪುವ ಹಾಸಿಗೆ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರೇ ಹೊರತು, ಆ ಹಾಸಿಗೆ ಗಟ್ಟಿಯಾಗಿರಬೇಕೋ ಮೆತ್ತಗಿರಬೇಕೋ ಎಂಬುದನ್ನು ಹೇಳಲಿಲ್ಲ. ಬೆಂಗಳೂರಿನ ಗೃಹಸ್ಥರೊಬ್ಬರಿಗೆ ಈ ಕೊರತೆ ಅರಿವಾದುದು ಅವರ ತಾಯಿಗೆ ಸೊಂಟನೋವು ಬಂದಾಗ.

“ಹಲಗೆಯ ಮೇಲೆ ಮಲಗಿಸಿ” ಎಂದು ನೆರೆಯವರು ಒಕ್ಕೊರಲಿನಿಂದ ನುಡಿದರು. ಗೃಹಸ್ಥರು ಅಂಗಡಿಯಲ್ಲೆಲ್ಲ ಅತಿ ಗಟ್ಟಿಯಾದ ತೆಂಗಿನ ನಾರಿನ ಹಾಸಿಗೆಯನ್ನು ಕೊಂಡು ತಂದರು. ವಾರ ಕಳೆದ ಬಳಿಕ ಒಂದು ನಡುರಾತ್ರಿ ನೋಡಿದರೆ, ತಾಯಿ ಗೋಡೆಗೊರಗಿ ಕುಳಿತಿದ್ದಾರೆ!

“ಯಾಕಮ್ಮ, ನಿದ್ದೆ ಬರಲಿಲ್ಲವೇ?”

“ಹಾಸಿಗೆಗೇನಪ್ಪ, ಚೆನ್ನಾಗಿಯೇ ಇದೆ. ನನ್ನ ಮೂಳೆಗಳೇ ಹಳೆಯವು.”

ಮಗನ ಹಣ ವ್ಯರ್ಥವಾಯಿತೆನ್ನಲು ಆ ತಾಯಿಗೆ ಬಾಯಿ ಬರಲಿಲ್ಲ.

ಗಟ್ಟಿಯಾದಷ್ಟೂ ಬೆನ್ನಿಗೆ ಹಿತವೆಂಬುದು ಹಳೆಯ ನಂಬಿಕೆ. ಸ್ಪೇನ್ ದೇಶದಲ್ಲಿ ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ನಡುತರದ್ದನ್ನೂ ಕೊಟ್ಟು 90 ದಿನ ಪರೀಕ್ಷಿಸಿದರು. ಹೆಚ್ಚು ಉಪಶಮನ ದೊರೆತುದು ನಡುತರದ ಹಾಸಿಗೆಯವರಿಗೆ ಎಂದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಪ್ರಕಟಿಸಿತು.

ಕಾರಣ ಸರಳವಾದುದು. ಬೆನ್ನೆಲುಬು ಕೋಲಿನಂತೆ ನೇರವಲ್ಲ. ಸೊಂಟದ ಬಳಿ ಒಳಕ್ಕೆ ಬಾಗಿದೆ. ಹಲಗೆಯಂಥ ಹಾಸಿಗೆ ಹೆಗಲನ್ನೂ ಪೃಷ್ಠವನ್ನೂ ಒತ್ತಿ, ಸೊಂಟವನ್ನು ನಿರಾಧಾರವಾಗಿ ಬಿಡುತ್ತದೆ. ತೀರ ಮೆತ್ತನೆಯದರಲ್ಲಿ ನಡುಭಾಗ ಕುಸಿದು ದೇಹವೇ ಜೋಲಿಯಾಗುತ್ತದೆ. ಮೆತ್ತನೆ ಮೈಗೆ ಸುಖ. ಬೆನ್ನಿಗೆ ಬೇಕಾದುದು ಆಧಾರ. ಇವೆರಡೂ ಒಂದೇ ಅಲ್ಲ.

ಸೀರೆಗಾಗಿ ಹತ್ತು ಅಂಗಡಿ ಸುತ್ತಿ ಸೆರಗು ಬಿಡಿಸಿ ನೋಡುವವರೂ ಹಾಸಿಗೆಯನ್ನು ಅಂಗೈಯಿಂದೊಮ್ಮೆ ಒತ್ತಿ ಕೊಂಡುಬಿಡುತ್ತಾರೆ. ಅದರ ಮೇಲೆ ಮಲಗಬೇಕಾದವರೇ ಸಂಕೋಚ ಬಿಟ್ಟು ಹತ್ತು ನಿಮಿಷ ಮಲಗಿ ನೋಡಬೇಕು. ಅಂಗಾತ ಮಲಗಿದಾಗ ಸೊಂಟದಡಿ ಅಂಗೈ ಸಲೀಸಾಗಿ ತೂರಿದರೆ ಹಾಸಿಗೆ ಅತಿ ಗಟ್ಟಿ. ಮಗ್ಗುಲು ಬದಲಿಸಲು ಹೆಣಗಬೇಕಾದರೆ ಅತಿ ಮೆತ್ತಗೆ. ಸ್ಥೂಲದೇಹಿಗಳಿಗೆ ತುಸು ಗಟ್ಟಿಯಾದುದೂ, ಕೃಶಕಾಯರಿಗೂ ಮಗ್ಗುಲಾಗಿ ಮಲಗುವವರಿಗೂ ತುಸು ಮೆತ್ತನೆಯದೂ ಒಪ್ಪುವುದು. ನೋವು ಕಾಲಿಗಿಳಿದರೆ, ಇಲ್ಲವೇ ಕಾಲು ಜೋಮು ಹಿಡಿದರೆ, ಹೋಗಬೇಕಾದುದು ಹಾಸಿಗೆಯಂಗಡಿಗಲ್ಲ, ವೈದ್ಯರಲ್ಲಿಗೆ.

ಗೃಹಸ್ಥರು ಮತ್ತೆ ಹೊಸದನ್ನು ಕೊಳ್ಳಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಹತ್ತಿಯ ಹಾಸಿಗೆಯನ್ನು ಇಳಿಸಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿಸಿ, ತೆಳುವಾಗಿ ಹೊಲಿಸಿ, ನಾರಿನ ಹಾಸಿಗೆಯ ಮೇಲೆ ಹಾಸಿದರು. ಮರುದಿನ ಬೆಳಗ್ಗೆ ಹಾಲಿನವನು ಕೂಗಿದರೂ ತಾಯಿಗೆ ಎಚ್ಚರವಾಗಲಿಲ್ಲ. ಮನೆಯಲ್ಲಿ ಅಂದು ಕಾಫಿ ತಡವಾಯಿತು, ಯಾರೂ ಗೊಣಗಲಿಲ್ಲ.