ನೋವು ನಮ್ಮದು, ಗಲ್ಲಾ ಅವರದು

ಶಹಾಪುರ, ವಡಗಾವಿ, ಖಾಸಬಾಗಗಳ ಓಣಿಗಳಲ್ಲಿ ಒಂದು ಹೊಸ ವ್ಯಾಪಾರ ಜೋರಾಗಿ ನಡೆದಿದೆ. ಮಗ್ಗದ ಶೆಡ್ಡಿನ ಬಾಗಿಲಲ್ಲಿ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಮೊಬೈಲಿನ ಪರದೆಯಲ್ಲಿ ಒಂದೇ ಮಾತು: "ಸಂದುನೋವೇ? ಈ ಡಬ್ಬಿ ಒಯ್ದು ನೋಡಿರಿ!"

ದಿನಕ್ಕೆ ಹತ್ತು ಹನ್ನೆರಡು ತಾಸು ಪವರ್‌ಲೂಮಿನ ಮುಂದೆ ನಿಂತವನ ಮೊಣಕಾಲು ನೋಯದೆ ಇನ್ನೇನು ಮಾಡೀತು? ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಹಸಿಮಣ್ಣು ಹೊತ್ತ ಅಕ್ಕನ ಸೊಂಟ ನೋಯದಿದ್ದೀತೇ? ಬೆಳಗಿನಿಂದ ರಾತ್ರಿಯ ವರೆಗೆ ತಕ್ಕಡಿಯ ಹಿಂದೆ ನಿಲ್ಲುವ ಸಣ್ಣ ವ್ಯಾಪಾರಿಯ ಕಾಲು ಕಬ್ಬಿಣದ್ದೇ? ಈ ನೋವನ್ನು ಕೊಟ್ಟದ್ದು ಹಣೆಬರಹವಲ್ಲ, ದುಡಿಮೆಯ ತಾಸುಗಳು. ಆದರೆ ಅದರ ಔಷಧದ ಖರ್ಚು ಮಾತ್ರ ನೋಯುವವನ ಕಿಸೆಯಿಂದಲೇ ಹೋಗಬೇಕು!

ನಾನೂ ಮೋಸಹೋದವರಲ್ಲಿ ಒಬ್ಬ. ಮಾಸ್ತರಿಕೆಯಲ್ಲಿ ಕರಿಹಲಗೆಯ ಮುಂದೆ ನಿಂತು, ಆ ಮೇಲೆ ಪಕ್ಷದ ಕೆಲಸಕ್ಕೆಂದು ಸೈಕಲ್ಲು ತುಳಿದು ಮೊಣಕಾಲು ಕೆಡಿಸಿಕೊಂಡೆ. ಪರಿಚಯದ ಅಂಗಡಿಕಾರರೊಬ್ಬರು ಎರಡು ಡಬ್ಬಿ ಕೈಗಿಟ್ಟರು. ಒಂದು ಗ್ಲುಕೋಸಮಿನ್, ಇನ್ನೊಂದು ಅರಿಷಿಣದ ಸತ್ವಕ್ಕೆ ಮೆಣಸಿನ ಸತ್ವ ಕೂಡಿಸಿದ ಗುಳಿಗೆ. "ಅರಿಷಿಣ ಅಲ್ಲೇನ್ರೀ ಮಾಸ್ತರ, ಅದ್ರಿಂದ ಏನಾಗತೈತಿ?" ಎಂದರು. ಪರೀಕ್ಷಿಸಿಯೇ ಬಿಡೋಣವೆಂದು ನೋಟುಬುಕ್ಕಿನಲ್ಲಿ ದಿನದಿನದ ಲೆಕ್ಕ ಬರೆಯಹತ್ತಿದೆ.

ಒಂಬತ್ತನೆಯ ದಿನ "ನೋವು ಕಡಿಮೆ" ಎಂದು ಬರೆದೆ. ಆದರೆ ಮೇಲಿನ ಸಾಲಿನಲ್ಲಿ ನನ್ನದೇ ಅಕ್ಷರ: "ಮೂರು ದಿನ ಮಳೆ, ಸೈಕಲ್ಲು ಹೊರಗೆ ತೆಗೆದಿಲ್ಲ." ಗುಣ ಕೊಟ್ಟದ್ದು ಗುಳಿಗೆಯೋ, ವಿಶ್ರಾಂತಿಯೋ? ನಾಲ್ಕನೆಯ ವಾರಕ್ಕೆ ಹೊಟ್ಟೆ ತೊಳಸು, ಮೈತುರಿಕೆ, ಚಹದ ಬಣ್ಣದ ಮೂತ್ರ. ರಕ್ತ ತಪಾಸಣೆಯಲ್ಲಿ ಲಿವರಿನ ಅಂಕಿ ಇರಬೇಕಾದ್ದಕ್ಕಿಂತ ಮೂರು ಪಟ್ಟು. ಎರಡೂ ಡಬ್ಬಿ ಬಿಟ್ಟೆ. ಆರು ವಾರದಲ್ಲಿ ಅಂಕಿ ಇಳಿಯಿತು. "ಅರಿಷಿಣದ ಗುಳಿಗೆಯ ಮೇಲೆಯೇ ಸಂಶಯ, ಆದರೆ ಎರಡನ್ನೂ ಕೂಡಿಯೇ ನುಂಗಿದ್ದೀರಿ, ಖಚಿತ ಹೇಳಲಾರೆ" ಎಂದರು ಡಾಕ್ಟರು. ಡಬ್ಬಿಗೂ ತಪಾಸಣೆಗೂ ಹೋದ ಹಣದಲ್ಲಿ ಮನೆಗೆ ಒಂದು ತಿಂಗಳ ಕಿರಾಣಿ ಬರುತ್ತಿತ್ತು.

ಅರಿಷಿಣ ನಮಗೆ ಹೊಸದೇ? ನಮ್ಮ ಶಹಾಪುರ 1948ರ ವರೆಗೆ ಸಾಂಗ್ಲಿ ಸಂಸ್ಥಾನದಲ್ಲಿದ್ದ ಊರು. ಸಾಂಗ್ಲಿಯ ಅರಿಷಿಣ ಪೇಟೆ ದೇಶಕ್ಕೆಲ್ಲ ಗೊತ್ತು. ಆದರೆ ಸಾರಿನ ಅರಿಷಿಣ ಬೇರೆ, ಡಬ್ಬಿಯ ಅರಿಷಿಣ ಬೇರೆ. ಅರಿಷಿಣ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಸತ್ವ ನೂರಕ್ಕೆ ಸುಮಾರು 3 ಪಾಲು ಮಾತ್ರ. 500 ಮಿಲಿಗ್ರಾಂ ಸತ್ವದ ಒಂದು ಗುಳಿಗೆಯೆಂದರೆ ಸುಮಾರು 15 ಗ್ರಾಂ ಪುಡಿಯನ್ನು ಒಮ್ಮೆಲೆ ನುಂಗಿದಂತೆ. ಅದೂ ಸಾಲದೆಂದು ಮೆಣಸಿನ ಸತ್ವ ಕೂಡಿಸುತ್ತಾರೆ. ಅದನ್ನು ಕೂಡಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರುತ್ತದೆಂದು 1998ರಲ್ಲಿ ಪ್ರಕಟಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಕಂಪನಿಗಳು ಆ 20 ಪಟ್ಟನ್ನು ಜಾಹೀರಾತಿಗೆ ಬಳಸಿದವು. ಲಿವರಿಗೆ ಏನಾದೀತೆಂಬುದನ್ನು ಮರೆತವು. 2019ರಲ್ಲಿ ಇಟಲಿಯಲ್ಲಿ ಇಂಥ ಗುಳಿಗೆ ತಿಂದವರಿಗೆ ಲಿವರಿನ ಬಾವು ಬಂದ ಸುದ್ದಿಯಾಯಿತು. ಅಮೆರಿಕದ ತಜ್ಞರು 2022ರಲ್ಲಿ ಅರಿಷಿಣದ ಗುಳಿಗೆಯಿಂದ ಲಿವರ್ ಕೆಟ್ಟ 10 ಜನರ ವಿವರ ಪ್ರಕಟಿಸಿದರು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ಸತ್ತರು. ಎಲ್ಲರಿಗೂ ಹೀಗಾಗುವದಿಲ್ಲ, ನಿಜ. ಆದರೆ ಯಾರಿಗೆ ಆದೀತೆಂದು ಡಬ್ಬಿ ಹೇಳುತ್ತದೆಯೇ?

ಇನ್ನು ಗ್ಲುಕೋಸಮಿನ್. ಅದನ್ನು ಹೆಚ್ಚಾಗಿ ತೆಗೆಯುವದು ಸೀಗಡಿ, ಏಡಿಗಳ ಚಿಪ್ಪಿನಿಂದ. ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದ ನಮ್ಮ ಹಿರಿಯರು ಏಡಿಯ ಚಿಪ್ಪನ್ನು ನುಂಗಿ ನೀರು ಕುಡಿಯುತ್ತಿದ್ದಾರೆ! ಗುಣವಾದರೂ ಉಂಟೇ? 2006ರಲ್ಲಿ ಅಮೆರಿಕದಲ್ಲಿ 1583 ಮೊಣಕಾಲು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಸತ್ವವೇ ಇಲ್ಲದ ಸುಳ್ಳು ಗುಳಿಗೆ ನುಂಗಿದವರಲ್ಲಿಯೂ ನೂರಕ್ಕೆ 60 ಜನ ನೋವು ಇಳಿಯಿತೆಂದರು. ಒಟ್ಟು ಲೆಕ್ಕದಲ್ಲಿ ಗ್ಲುಕೋಸಮಿನ್ ಅದಕ್ಕಿಂತ ಮೇಲೆಂದು ಸಿದ್ಧವಾಗಲಿಲ್ಲ. "ನನಗೆ ಗುಣ ಬಂತು" ಎಂಬ ನೆರೆಯವನ ಮಾತು ಸುಳ್ಳಲ್ಲ. ಆದರೆ ಅದು ಗುಳಿಗೆಗೆ ಸಾಕ್ಷಿಯೂ ಅಲ್ಲ.

ಹೀಗಿದ್ದೂ ಮಾರಾಟ ಹೇಗೆ ನಡೆದಿದೆ? ಕಾಯಿದೆಯ ಕಣ್ಣಿಗೆ ಈ ಡಬ್ಬಿ ಔಷಧವೇ ಅಲ್ಲ, ಆಹಾರ! "ಔಷಧೀಯ ಬಳಕೆಗಲ್ಲ" ಎಂದು ಡಬ್ಬಿಯ ಮೇಲೆ ಬರೆಯಲೇಬೇಕೆಂಬ ನಿಯಮ 2016ರಿಂದ ಇದೆ. ಬರೆಯುತ್ತಾರೆ, ಇರುವೆಯ ಕಾಲಿನಷ್ಟು ಅಕ್ಷರದಲ್ಲಿ. ಬಾಯಿಂದ ಮಾತ್ರ ಔಷಧವೆಂದೇ ಮಾರುತ್ತಾರೆ. ಸಂಧಿವಾತ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಕಾಯಿದೆ ಕಪಾಟಿನಲ್ಲಿ, ಜಾಹೀರಾತು ಗೋಡೆಯ ಮೇಲೆ!

ವಿಜ್ಞಾನಿ ಪರೀಕ್ಷೆ ನಡೆಸಿದರೆ ಅವನಿಗೆ ಪಗಾರವಿದೆ, ರೋಗಿಗೆ ಕಾವಲಿದೆ. ನಾವು ಕಿಸೆಯ ಹಣ ಕೊಟ್ಟು, ನಮ್ಮ ಲಿವರನ್ನೇ ಒತ್ತೆಯಿಟ್ಟು, ಕಂಪನಿಯ ಪರವಾಗಿ ಬಿಟ್ಟಿ ಪರೀಕ್ಷೆ ಮಾಡುತ್ತಿದ್ದೇವೆ. ಯಾಕೆಂದರೆ ಡಾಕ್ಟರ ಬಳಿ ಹೋದರೆ ಒಂದು ದಿನದ ಮಜೂರಿ ಹೋಗುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಶೆಡ್ಡಿಗೆ ಇ.ಎಸ್.ಐ. ಕಡ್ಡಾಯವಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಗೆರೆಯನ್ನು ಅಳಿಸಲಿಲ್ಲ. ಅಂಥ ಕಡೆ ಧಣಿ ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಡಬ್ಬಿಯ ವ್ಯಾಪಾರ ಬೆಳೆದದ್ದು ಈ ಗೆರೆಯ ಕೆಳಗೆ.

ನಮ್ಮ ಬೇಡಿಕೆ ಸ್ಪಷ್ಟ. ಹತ್ತು ಜನರ ಗೆರೆ ಅಳಿಯಲಿ, ಸಣ್ಣ ಶೆಡ್ಡಿನ ನೇಕಾರನಿಗೂ ವಿಮೆ ಸಿಗಲಿ. 1954ರ ಕಾಯಿದೆ ಗೋಡೆಗೂ ಮೊಬೈಲಿಗೂ ತಗಲಲಿ. ಡಬ್ಬಿಯ ಎಚ್ಚರಿಕೆ ಕನ್ನಡ, ಮರಾಠಿ ಎರಡರಲ್ಲಿಯೂ ದಪ್ಪಕ್ಷರದಲ್ಲಿರಲಿ. ಮೊಣಕಾಲಿಗೆ ಭಾಷೆಯ ಜಗಳ ಗೊತ್ತಿಲ್ಲ.

ಅಂಗಡಿಕಾರ ಬಂಧುಗಳೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಸಿಗುವದು ಚಿಲ್ಲರೆ ಕಮಿಶನ್ನು. ಆದರೆ ಗಿರಾಕಿ ಹಾಸಿಗೆ ಹಿಡಿದರೆ ನಿಮ್ಮ ಉದ್ರಿ ಖಾತೆಯೂ ಮುಳುಗುವದು. "ಏನೂ ಆಗುವದಿಲ್ಲ" ಎಂಬ ಮಾತನ್ನು ಇಂದೇ ಬಿಡಿರಿ.

ಕಾಮಗಾರ ಬಂಧುಗಳೇ, ಈಗಾಗಲೇ ಡಬ್ಬಿ ತಿನ್ನುತ್ತಿದ್ದರೆ ಡಾಕ್ಟರಿಗೆ ಅದನ್ನು ಒಯ್ದು ತೋರಿಸಿರಿ. ರಕ್ತ ತೆಳುವಾಗಿಸುವ ಗುಳಿಗೆ ನಡೆದಿದ್ದರಂತೂ ತಡಮಾಡಬೇಡಿರಿ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಮೈ ತುರಿಸಿದರೆ ಅಂದೇ ಡಬ್ಬಿ ಮುಚ್ಚಿ ದವಾಖಾನೆಗೆ ನಡೆಯಿರಿ. ಹೆಸರಿಲ್ಲದ ಪುಡಿಯ ಪೊಟ್ಟಣಗಳಲ್ಲಿ ಕದ್ದು ಸ್ಟಿರಾಯ್ಡ್ ಬೆರೆಸುವದುಂಟು. ಅದನ್ನು ಬಹಳ ದಿನ ತಿಂದವರು ಒಮ್ಮೆಲೆ ಬಿಡುವದೂ ಅಪಾಯ. ಡಾಕ್ಟರನ್ನು ಕೇಳಿಯೇ ಬಿಡಿರಿ.

ನನ್ನ ನೋಟುಬುಕ್ಕು ಪಕ್ಷದ ಕಚೇರಿಯ ಮೇಜಿನ ಮೇಲಿದೆ. ನಿಮ್ಮ ಡಬ್ಬಿಯ ಹೆಸರು, ಕೊಟ್ಟ ಹಣ, ಆದ ತೊಂದರೆ ಅದರಲ್ಲಿ ಬರೆಯಿಸಿರಿ. ಒಬ್ಬನ ಲೆಕ್ಕ ಬರಿಯ ಗೊಣಗಾಟ. ಓಣಿಯ ಲೆಕ್ಕ ಜಿಲ್ಲಾಧಿಕಾರಿಯ ಮುಂದೆ ಇಡುವ ಅರ್ಜಿ. ಮೊಣಕಾಲು ಎಷ್ಟೇ ನೋಯಲಿ, ಆ ಅರ್ಜಿ ಒಯ್ಯುವ ದಿನ ಎಲ್ಲರೂ ಕೂಡಿಯೇ ನಡೆಯೋಣ.