ಮಹಾಕೂಟದ ಹುಣ್ಣಿಮೆ

ಬಾದಾಮಿಗೆ ಸಮೀಪದ ಗುಡ್ಡಗಳ ನಡುವೆ ಅಡಗಿರುವ ಮಹಾಕೂಟವು ಯಾತ್ರಿಕರಿಗೆ ಪುಷ್ಕರಿಣಿಯ ಸ್ನಾನಕ್ಕೂ ಶಿವದರ್ಶನಕ್ಕೂ ಹೆಸರಾದ ಕ್ಷೇತ್ರ. ಇತಿಹಾಸಕಾರರಿಗಾದರೋ ಅದು ಒಂದು ಕಂಬದ ಊರು. ಚಾಲುಕ್ಯ ದೊರೆ ಮಂಗಲೇಶನು ಅಲ್ಲಿ ನಿಲ್ಲಿಸಿದ ಶಿಲಾಸ್ತಂಭವು ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸಂಸ್ಕೃತ ಶಾಸನವು ತನ್ನ ಕಾಲವನ್ನು ಮೂರೇ ಮಾತಿನಲ್ಲಿ ಹೇಳುತ್ತದೆ: ರಾಜ್ಯಭಾರದ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖ ಪೌರ್ಣಮಿ. ಶಕವರ್ಷದ ಸಂಖ್ಯೆಯೇ ಅಲ್ಲಿಲ್ಲ.

ಈ ಮಾತುಗಳಿಂದ ಒಂದು ದಿನವನ್ನು ಗೊತ್ತುಮಾಡುವುದು ಹೇಗೆ? ಅರುವತ್ತು ಸಂವತ್ಸರಗಳ ಚಕ್ರದಲ್ಲಿ ಸಿದ್ಧಾರ್ಥವು 53ನೆಯದು. ಆದರೆ ಚಕ್ರವನ್ನು ಎಣಿಸುವ ಕ್ರಮಗಳು ಎರಡು. ಇಂದಿನ ನಮ್ಮ ಪಂಚಾಂಗದಲ್ಲಿ ಸಂವತ್ಸರವು ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ. ಹಳೆಯ ಕ್ರಮದಲ್ಲಿ ಗುರುಗ್ರಹವು ಮಧ್ಯಮಗತಿಯಿಂದ ಒಂದು ರಾಶಿಯನ್ನು ದಾಟುವ ಸುಮಾರು 361 ದಿನಗಳೇ ಒಂದು ಸಂವತ್ಸರ. ವರ್ಷಕ್ಕೆ ನಾಲ್ಕು ದಿನಗಳ ಈ ಅಂತರವು ಬೆಳೆದು, ಸುಮಾರು 85 ವರ್ಷಗಳಿಗೊಮ್ಮೆ ಒಂದು ಹೆಸರಿನಷ್ಟು ವ್ಯತ್ಯಾಸವಾಗುತ್ತದೆ. ಇಂದಿನ ಕ್ರಮದಂತೆ ಎಣಿಸಿದರೆ ಮಂಗಲೇಶನ ಸಿದ್ಧಾರ್ಥವು ಕ್ರಿ. ಶ. 599ರಲ್ಲಿ ಬೀಳುತ್ತದೆ; ಗುರುವಿನ ಗತಿಯಂತೆ ಎಣಿಸಿದರೆ 602ರಲ್ಲಿ. ಶಾಸನಜ್ಞ ಫ್ಲೀಟರು ಎರಡನೆಯದನ್ನು ಹಿಡಿದು, ಆ ಹುಣ್ಣಿಮೆಯನ್ನು 602ರ ಏಪ್ರಿಲ್ 12 ಎಂದು ನಿರ್ಣಯಿಸಿದರು.

ಮೂರು ವರ್ಷವೇನು ಮಹಾ ಎನ್ನುವಂತಿಲ್ಲ. ಮಂಗಲೇಶನ ಪಟ್ಟಾಭಿಷೇಕವೂ ಅವನ ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಕೊನೆಯೂ ಇದೇ ಗೂಟಕ್ಕೆ ತೂಗುಬಿದ್ದಿವೆ. ಗೂಟ ಸರಿದರೆ ಎಲ್ಲವೂ ಸರಿಯುತ್ತದೆ.

ಇದೇ ತೊಡಕು ಇಂದು ಕಂಪ್ಯೂಟರಿನ ಮುಂದೆ ಕುಳಿತವರನ್ನು ದಿನವೂ ಕಾಡುತ್ತಿದೆ. ಕಡತದಲ್ಲಿ 05-04-2024 ಎಂದು ಬರೆದಿದೆಯೆನ್ನೋಣ. ಯಂತ್ರಕ್ಕೆ ಅದು ದಿನಾಂಕವಲ್ಲ, ಬರಿಯ ಹತ್ತು ಚಿಹ್ನೆಗಳ ಸಾಲು. ಭಾರತದ ಕ್ರಮದಲ್ಲಿ ಓದಿದರೆ ಏಪ್ರಿಲ್ 5. ಅಮೆರಿಕದ ಕ್ರಮದಲ್ಲಿ ಮೇ 4. ಕ್ರಮ ಯಾವುದೆಂದು ತಿಳಿಸದಿದ್ದರೆ ಯಂತ್ರವು ತನಗೆ ತೋಚಿದಂತೆ ಓದಬಹುದು. ದಿನವು 13 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ, ಹದಿಮೂರನೆಯ ತಿಂಗಳೆಂಬುದು ಇಲ್ಲವಾದ್ದರಿಂದ ತಪ್ಪು ಬಯಲಾಗುವ ಸಂಭವವುಂಟು. 12ರೊಳಗಿದ್ದರೆ ತಪ್ಪು ಸದ್ದಿಲ್ಲದೆ ಒಳಸೇರುತ್ತದೆ. ಒಬ್ಬನ ನಿವೃತ್ತಿಯ ದಿನವೋ ಸಾಲದ ಗಡುವೋ ಅದರೊಡನೆ ಪಲ್ಲಟವಾಗುತ್ತದೆ.

ಇಂಥ ಸಂದೇಹಕ್ಕೆ ಎಡೆಗೊಡದ ಬರವಣಿಗೆಯನ್ನೂ ಚಾಲುಕ್ಯರ ನಾಡಿನಲ್ಲಿಯೇ ಕಾಣಬಹುದು. ಬಾದಾಮಿಯ ಮೂರನೆಯ ಗುಹೆಯ ಶಾಸನವು ಶಕವರ್ಷ 500 ‘ಕಳೆದಿರಲು’ ಎಂದು ಬಿಡಿಸಿ ಹೇಳುವುದರಿಂದ, ಅದು ಕ್ರಿ. ಶ. 578 ಎಂಬುದು ಸ್ಪಷ್ಟ. ಐಹೊಳೆಯಲ್ಲಿ ಕವಿ ರವಿಕೀರ್ತಿಯು ಶಕ 556ನ್ನೂ ಅದರೊಡನೆ 3735ನೆಯ ಕಲಿವರ್ಷವನ್ನೂ ಕೊಟ್ಟಿದ್ದಾನೆ. ಇವೆರಡರ ಅಂತರವು ಪಂಚಾಂಗದವರು ಬಲ್ಲ 3179 ಆದ್ದರಿಂದ, ಒಂದು ಸಂಖ್ಯೆಗೆ ಇನ್ನೊಂದು ಸಾಕ್ಷಿ. ವರ್ಷ, ತಿಂಗಳು, ದಿನ ಎಂಬ ಅನುಕ್ರಮವನ್ನು ಕಟ್ಟುಮಾಡಿ 1988ರಲ್ಲಿ ಹೊರಟ ಅಂತರರಾಷ್ಟ್ರೀಯ ನಿಯಮದ ಉದ್ದೇಶವೂ ಇದೇ.

ಒಮ್ಮೆ ಕ್ರಮ ಖಚಿತವಾದರೆ ಮಾತು ಸಂಖ್ಯೆಯಾಗುತ್ತದೆ. ನಮ್ಮ ಜ್ಯೋತಿಷಿಗಳು ಕಲಿಯುಗಾದಿಯಿಂದ ದಿನಗಳನ್ನು ಎಣಿಸಿ ಅದನ್ನು ಅಹರ್ಗಣವೆಂದು ಕರೆದರು. ಇಂದಿನ ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ತತ್ತ್ವ ಒಂದೇ. ಮಹಾಕೂಟದ ಹುಣ್ಣಿಮೆಯ ಅಹರ್ಗಣ 13,52,574. ಏಳರಿಂದ ಭಾಗಿಸಿದರೆ ಉಳಿಯುವುದು 6. ಕಲಿಯುಗವು ಶುಕ್ರವಾರ ಆರಂಭವಾಯಿತೆಂಬುದು ಗಣಿತದ ಸಂಪ್ರದಾಯ. ಅಲ್ಲಿಂದ ಆರು ದಿನ ಮುಂದೆ ಎಣಿಸಿದರೆ ಗುರುವಾರ. ಕೂಡುವುದು, ಕಳೆಯುವುದು, ಹಿಂದುಮುಂದೆಂದು ಜೋಡಿಸುವುದು, ಎಲ್ಲವೂ ಆಮೇಲೆ ಸುಲಭ.

ಆದರೂ ಒಂದು ಎಚ್ಚರಿಕೆ ಬೇಕು. ಏಪ್ರಿಲ್ 12 ಎಂಬುದು ಹಳೆಯ ಜೂಲಿಯನ್ ಪಂಚಾಂಗದ ಮಾತು. ಇಂದಿನ ಗ್ರೆಗೋರಿಯನ್ ಪಂಚಾಂಗವನ್ನೇ ಹಿಂದಕ್ಕೆ ಹಿಗ್ಗಿಸುವ ಕಂಪ್ಯೂಟರ್ ಲೆಕ್ಕದಲ್ಲಿ ಆ ಹುಣ್ಣಿಮೆಯು ಏಪ್ರಿಲ್ 15 ಆಗುತ್ತದೆ. ಆದಕಾರಣ ಸಂಖ್ಯೆಯನ್ನು ಬರೆದುಕೊಂಡವರು ಮೂಲದ ಮಾತನ್ನು ಅಳಿಸಬಾರದು. ಫ್ಲೀಟರ ಲೆಕ್ಕವನ್ನು ಒಪ್ಪದವನು ಇಂದಿಗೂ ವಿಜಯಪುರಕ್ಕೆ ಹೋಗಿ ಕಂಬವನ್ನೇ ಓದಬಹುದು. ಮೂಲವನ್ನು ಅಳಿಸಿದ ಕಡತದಲ್ಲಿ ಮತ್ತೆ ಓದಲು ಏನೂ ಉಳಿದಿರುವುದಿಲ್ಲ.