ಹುಲ್ಲಿನ ಬೆಟ್ಟ ಬರಡಲ್ಲ

1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಿಂದ ಹಿಡಿದು 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯವರೆಗೆ ಸರ್ಕಾರಗಳು ಬದಲಾಗಿವೆ, ಹಣದ ಮೂಲಗಳು ಬದಲಾಗಿವೆ. ಬದಲಾಗದೆ ಉಳಿದಿರುವುದು ಒಂದೇ ನಂಬಿಕೆ: ಮರವಿಲ್ಲದ ನೆಲ ಬರಡು ನೆಲ. ಆ ನಂಬಿಕೆಯ ಬಲದಿಂದಲೇ ಮಲೆನಾಡಿನ ಬೇಣಗಳ ಮೇಲೆ, ಗೋಮಾಳಗಳ ಮೇಲೆ ಅಕೇಶಿಯಾ ಏರಿತು. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಹುಲ್ಲುಗಾವಲನ್ನು ಆಸ್ಟ್ರೇಲಿಯಾದ ವಾಟಲ್ ನುಂಗಿತು.

ಘಟ್ಟದ ನೆತ್ತಿಯ ಹುಲ್ಲುಗಾವಲು ಕಾಡು ಕಡಿದ ಮೇಲೆ ಉಳಿದ ಬೋಳು ನೆಲವೆಂಬ ವಾದವನ್ನು ವಿಜ್ಞಾನ ಎಂದೋ ತಳ್ಳಿಹಾಕಿದೆ. ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಮಣ್ಣಿನಲ್ಲಿರುವ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಹಬ್ಬಿತ್ತೆಂಬುದನ್ನು ತೋರಿಸಿತು. ಆಗ ಕೊಡಲಿಯೂ ಇರಲಿಲ್ಲ, ಕಂದಾಯ ದಾಖಲೆಯೂ ಇರಲಿಲ್ಲ.

ಹುಲ್ಲಿನ ನಿಜವಾದ ಆಸ್ತಿ ಇರುವುದು ಬೇರಿನ ಕೆಳಗೆ. ಘಟ್ಟದ ಭಾರೀ ಮಳೆ ಮಣ್ಣಿನ ಸುಣ್ಣವನ್ನೂ ಮೆಗ್ನೀಸಿಯಂ ಅನ್ನೂ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಉಳಿಸಿದೆ. ಹೀಗಾಗಿ ಮಣ್ಣು ಹುಳಿ. ಅದರಲ್ಲಿರುವ ರಂಜಕವೂ ಕಬ್ಬಿಣಕ್ಕೆ ಅಂಟಿಕೊಂಡು ಬೇರಿಗೆ ದಕ್ಕುವುದಿಲ್ಲ. ಇಂಥ ಬಡ ಮಣ್ಣಿನಲ್ಲಿ ಕರಡ ಆಳೆತ್ತರಕ್ಕೆ ಬೆಳೆಯುವುದಾದರೂ ಹೇಗೆ? ಬೇರಿನೊಳಗೆ ಮನೆ ಮಾಡಿಕೊಂಡು, ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುವ ಶಿಲೀಂಧ್ರಗಳು ರಂಜಕವನ್ನು ಹೆಕ್ಕಿ ತಂದುಕೊಡುತ್ತವೆ. ಹುಲ್ಲು ಅವಕ್ಕೆ ಸಕ್ಕರೆಯ ಕೂಲಿ ಕೊಡುತ್ತದೆ. ಆ ಹುಳಿಗೆ, ಆ ತೇವಕ್ಕೆ, ಆ ಸಾರಜನಕದ ಕೊರತೆಗೆ ಒಗ್ಗಿದ ಬ್ಯಾಕ್ಟೀರಿಯಾಗಳೇ ಅಲ್ಲಿನ ಒಕ್ಕಲು. ಮಣ್ಣಿನ ಸ್ಥಿತಿ ಕದಲಿತೆಂದರೆ ಒಕ್ಕಲೂ ಬದಲಾಗುತ್ತದೆ.

ಇದಕ್ಕೆ ಅತಿ ದೀರ್ಘವಾದ ಸಾಕ್ಷಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದೆ. ಅಲ್ಲಿನ ಒಂದು ಹುಲ್ಲುಗಾವಲನ್ನು 1856ರಲ್ಲಿ ತುಂಡುತುಂಡಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕುವ ಪ್ರಯೋಗ ಆರಂಭವಾಯಿತು. ಅದು ಇಂದಿಗೂ ನಡೆದಿದೆ. ಗೊಬ್ಬರ ಕಾಣದ ತುಂಡಿನಲ್ಲಿ ಹತ್ತಾರು ಜಾತಿಯ ಸಸ್ಯಗಳಿವೆ. ಅಮೋನಿಯಂ ಸಲ್ಫೇಟನ್ನು ಧಾರಾಳವಾಗಿ ಉಂಡು ಸುಣ್ಣ ಕಾಣದ ತುಂಡಿನಲ್ಲಿ ರಸಸಾರ 4ಕ್ಕೂ ಕೆಳಗಿಳಿದು, ಎರಡು ಮೂರು ಜಾತಿಯ ಹುಲ್ಲು ಮಾತ್ರ ಉಳಿದಿವೆ. ಎರೆಹುಳು ಓಡಿಹೋಗಿದೆ, ಸತ್ತ ಹುಲ್ಲು ಸರಿಯಾಗಿ ಕೊಳೆಯದೆ ಚಾಪೆಯಂತೆ ಬಿದ್ದಿದೆ. ಅದೇ ನೆಲದ ಸೂಕ್ಷ್ಮಜೀವಿಗಳ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವು, ಯಾವ ಬ್ಯಾಕ್ಟೀರಿಯಾ ಎಲ್ಲಿ ಇರಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ರಸಸಾರವೆಂದೇ ಹೇಳಿತು.

ರಾಥಮ್‌ಸ್ಟೆಡ್‌ನಲ್ಲಿ ಗೊಬ್ಬರದ ಚೀಲ ಮಾಡಿದ ಕೆಲಸವನ್ನು ಬೆಟ್ಟದಲ್ಲಿ ಅಕೇಶಿಯಾ ಚೀಲವಿಲ್ಲದೆಯೇ ಮಾಡುತ್ತದೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತವೆ. ನೆಡುತೋಪಿನವರು ಇದನ್ನೇ ‘ಫಲವತ್ತತೆ’ ಎಂದು ಕೊಂಡಾಡುತ್ತಾರೆ. ಕೊರತೆಯನ್ನೇ ನಂಬಿ ಬಾಳುವ ಹುಲ್ಲಿಗೆ ಆ ಸಮೃದ್ಧಿ ವಿಷವೆಂಬುದು ಅವರ ಲೆಕ್ಕದಲ್ಲಿಲ್ಲ. ದಕ್ಷಿಣ ಸುಮಾತ್ರಾದಲ್ಲಿ ದರ್ಭೆಯ ಜಾತಿಯ ಹುಲ್ಲುಗಾವಲಿನ ಮಣ್ಣಿನೊಡನೆ ಅಕೇಶಿಯಾ ತೋಪಿನ ಮಣ್ಣನ್ನು ಹೋಲಿಸಿದಾಗ, ತೋಪಿನ ಮಣ್ಣು ಇನ್ನಷ್ಟು ಹುಳಿಯಾಗಿರುವುದು 2008ರಲ್ಲಿ ವರದಿಯಾಯಿತು.

‘ಬೇಡವಾದರೆ ಮರ ಕಡಿಯೋಣ, ಹುಲ್ಲು ತಾನಾಗಿ ಬರುತ್ತದೆ’ ಎಂಬ ಸಮಾಧಾನವೂ ಪೊಳ್ಳು. ಪೋರ್ಚುಗಲ್ಲಿನ ಕಡಲತೀರದ ಮರಳುದಿಬ್ಬಗಳಲ್ಲಿ ಆಸ್ಟ್ರೇಲಿಯಾದ ಅಕೇಶಿಯಾವನ್ನು ಕಿತ್ತು ವರ್ಷಗಳು ಕಳೆದರೂ ಅದು ಬಿಟ್ಟುಹೋದ ಸಾರಜನಕ ಮಣ್ಣಿನಲ್ಲಿ ಉಳಿದಿತ್ತು. ಗಿಡದ ಜೊತೆಗೆ ಅದರ ತವರಿನ ಬ್ಯಾಕ್ಟೀರಿಯಾಗಳೂ ಅಲ್ಲಿಗೆ ವಲಸೆ ಬಂದಿದ್ದವು. ಮರ ಗರಗಸಕ್ಕೆ ಸಿಗುತ್ತದೆ. ಮಣ್ಣಿನೊಳಗೆ ಬೀಡುಬಿಟ್ಟ ಅತಿಥಿ ಸಿಗುವುದಿಲ್ಲ.

1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಹೂಡಿ ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಅಂದಿನ ಪ್ರಶ್ನೆ ಈ ನೆಲ ಯಾರದು, ಮೇವು ಯಾರದು ಎಂಬುದಾಗಿತ್ತು. ಆ ಪ್ರಶ್ನೆ ಇನ್ನೂ ಮುಗಿದಿಲ್ಲ. ಅದರ ಜೊತೆಗೆ ಇಂದು ಮತ್ತೊಂದನ್ನು ಕೇಳಬೇಕಾಗಿದೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯು ಒಂದೆಕರೆ ಜೋಳದ ರೈತನಿಗೂ ರಸಸಾರ ನೋಡಿ ಗೊಬ್ಬರ ಹಾಕೆಂದು ಬುದ್ಧಿ ಹೇಳುತ್ತದೆ. (ಅದರ ಹನ್ನೆರಡು ಅಂಶಗಳಲ್ಲಿ ಒಂದು ಜೀವಿಯ ಹೆಸರೂ ಇಲ್ಲ, ಆ ಮಾತು ಬೇರೆ.) ಇಡೀ ಗುಡ್ಡಕ್ಕೆ ಗುಂಡಿ ತೋಡಲು ಹೊರಟವರ ಕೈಯಲ್ಲಿ ಅಂಥ ಚೀಟಿ ಇದೆಯೇ? ಇದ್ದರೆ ಗ್ರಾಮಸಭೆಯ ಮುಂದಿಡಲಿ. ಇಲ್ಲವಾದರೆ ಹುಲ್ಲುಗಾವಲನ್ನು ಪಾಳುಭೂಮಿಯ ಪಟ್ಟಿಯಿಂದ ತೆಗೆಯುವವರೆಗೆ ಹಾರೆ ಕೆಳಗಿಡಲಿ.